ಚಿಹ್ನೆ ಮತ್ತು ಪ್ರತ್ಯಯ: ರಾಯಕೋಟೆಯ ಕನ್ನಡ ವಿದ್ಯಾರ್ಥಿಯ ಇಂಗ್ಲಿಷ್ ಬರಹ

ರಾಯಕೋಟೆ ಎಂಬ ಊರಿನ ಹೆಸರನ್ನು ಕನ್ನಡದಲ್ಲಿ ಬರೆಯಲು ನಾಲ್ಕು ಅಕ್ಷರಗಳು ಸಾಕು. ತಮಿಳಿನಲ್ಲಿ ಅದೇ ಹೆಸರು ‘ಇರಾಯಕ್ಕೋಟ್ಟೈ’ ಎಂದು ಬರಹಕ್ಕೆ ಬರುತ್ತದೆ. ರಕಾರದಿಂದ ಪದವನ್ನು ಆರಂಭಿಸಬಾರದೆಂಬುದು ತಮಿಳು ವ್ಯಾಕರಣದ ಹಳೆಯ ಕಟ್ಟಳೆಯಾದುದರಿಂದ ಮೊದಲಿಗೆ ಇಕಾರ ಸೇರುತ್ತದೆ. ಸ್ವರಗಳ ನಡುವಿನ ಒಂಟಿ ಟಕಾರವನ್ನು ತಮಿಳರು ಡಕಾರದಂತೆ ಓದುವುದರಿಂದ ಅದು ಇಮ್ಮಡಿಯಾಗುತ್ತದೆ. ಕನ್ನಡದ ಎಕಾರಾಂತ ಪದಗಳು ತಮಿಳಿನಲ್ಲಿ ಐಕಾರಾಂತವಾಗುವುದು ಎರಡೂ ಭಾಷೆಗಳನ್ನು ಬಲ್ಲವರಿಗೆ ತಿಳಿದ ಸಂಗತಿ: ತಲೆ, ಮಲೆ, ಕೋಟೆ ಎಂಬವು ಅಲ್ಲಿ ತಲೈ, ಮಲೈ, ಕೋಟ್ಟೈ ಎಂದಾಗುತ್ತವೆ. ಇಂಗ್ಲಿಷಿನಲ್ಲಿ ಈಗ ರೂಢಿಯಲ್ಲಿರುವ ಹೆಸರಿಗೆ ಹತ್ತು ಅಕ್ಷರಗಳು: ಆರ್, ಎ, ವೈ, ಎ, ಕೆ, ಓ, ಟಿ, ಟಿ, ಎ, ಐ. ಇದರಲ್ಲಿನ ಜೋಡಿ ಟಿ ಮತ್ತು ಕೊನೆಯ ಎ-ಐ ತಮಿಳು ಬರಹದಿಂದ ಬಂದವು. ಮೊದಲಿನ ಇಕಾರವನ್ನು ಇಂಗ್ಲಿಷ್ ಕೈಬಿಟ್ಟಿದೆ. ಮೊದಲ ಅಕ್ಷರವನ್ನು ದೊಡ್ಡದಾಗಿ ಬರೆಯುವ ನಿಯಮವನ್ನು ತನ್ನಿಂದ ಸೇರಿಸಿದೆ.

ಈ ರೂಪವೂ ಮೊದಲಿನಿಂದ ಇದ್ದುದಲ್ಲ. ಮೂರನೆಯ ಮೈಸೂರು ಯುದ್ಧದಲ್ಲಿ, 1791ರಲ್ಲಿ, ರಾಯಕೋಟೆಯ ಬೆಟ್ಟದ ಕೋಟೆ ಕಂಪನಿಯ ಸೈನ್ಯದ ವಶವಾಯಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಬಾರಾಮಹಲ್ ಸೀಮೆ ಕಂಪನಿಗೆ ಸೇರಿತು. ಅದೇ ವರ್ಷ ದಕ್ಷಿಣ ಭಾರತದಲ್ಲಿ ಸಂಚರಿಸಿದ ಚಿತ್ರಕಾರರಾದ ಥಾಮಸ್ ಡೇನಿಯಲ್ ಮತ್ತು ವಿಲಿಯಂ ಡೇನಿಯಲ್ ಈ ಕೋಟೆಯನ್ನು ಚಿತ್ರಿಸಿದರು. ಅವರ ‘ಓರಿಯೆಂಟಲ್ ಸೀನರಿ’ಯಲ್ಲಿ ಅಚ್ಚಾದ ಚಿತ್ರದ ಶೀರ್ಷಿಕೆಯಲ್ಲಿ ಊರಿನ ಹೆಸರು ಆರ್, ವೈ, ಎ, ಸಿ, ಓ, ಟಿ, ಟಿ, ಎ ಎಂಬ ಎಂಟು ಅಕ್ಷರಗಳಲ್ಲಿದೆ. ಬರೆಯುವವನ ಕಿವಿಗೆ ಬಿದ್ದಂತೆ ಬರೆದ ಕಾಲವದು.

ಸ್ಥಳನಾಮಗಳ ಇಂಗ್ಲಿಷ್ ಬರಹವನ್ನು ತಮಿಳು ಉಚ್ಚಾರಣೆಗೆ ಹೊಂದಿಸುವ ಯತ್ನ ಇತ್ತೀಚೆಗೂ ನಡೆದಿದೆ. 2020ರ ಜೂನ್ ತಿಂಗಳಿನಲ್ಲಿ ತಮಿಳುನಾಡು ಸರ್ಕಾರ 1018 ಸ್ಥಳನಾಮಗಳ ಇಂಗ್ಲಿಷ್ ಕಾಗುಣಿತವನ್ನು ಬದಲಿಸುವ ಆದೇಶವನ್ನು ಪ್ರಕಟಿಸಿತು. ಟೀಕೆಗಳು ಬಂದುದರಿಂದ ಅದೇ ತಿಂಗಳಿನಲ್ಲಿ ಹಿಂದಕ್ಕೆ ಪಡೆಯಿತು. ಇಂಗ್ಲಿಷಿನಲ್ಲಿ ‘ಸರಿಯಾದ’ ಬರಹವೆಂಬುದು ಧ್ವನಿಯಿಂದ ತಾನಾಗಿ ಹುಟ್ಟುವುದಿಲ್ಲ, ರೂಢಿಯಿಂದ ಮತ್ತು ಒಪ್ಪಂದದಿಂದ ನಿಲ್ಲುತ್ತದೆ ಎಂಬುದಕ್ಕೆ ಇಷ್ಟು ನಿದರ್ಶನ ಸಾಕು.

ಮಾತಿಗೆ ಕಾಣದ, ಬರಹದಲ್ಲಿ ಮಾತ್ರ ಕಾಣುವ ಈ ಒಪ್ಪಂದಗಳನ್ನು, ಎಂದರೆ ದೊಡ್ಡಕ್ಷರ, ವಿರಾಮಚಿಹ್ನೆ, ಅಪಾಸ್ಟ್ರಫಿ, ಕಾಗುಣಿತ ಮುಂತಾದವನ್ನು, ಕನ್ನಡ ಮನೆಮಾತಿನ ವಿದ್ಯಾರ್ಥಿ ಹೇಗೆ ಎದುರಿಸುತ್ತಾನೆ ಎಂಬುದು ಪ್ರಸ್ತುತ ಲೇಖನದ ವಿಷಯ.

ಪ್ರಶ್ನೆಯ ಹಿನ್ನೆಲೆ

ಹೊಸೂರು, ದೆಂಕಣಿಕೋಟೆ, ರಾಯಕೋಟೆಗಳ ಸುತ್ತಲಿನ ಕನ್ನಡ ಮನೆಗಳ ಮಗು ಸಾಮಾನ್ಯವಾಗಿ ಮೂರು ಲಿಪಿಗಳ ನಡುವೆ ಬೆಳೆಯುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಮತ್ತು ತೆಲುಗು, ಶಾಲೆಯಲ್ಲಿ ತಮಿಳು ಮತ್ತು ಇಂಗ್ಲಿಷ್. ಕನ್ನಡ ಶಾಲೆಯಿದ್ದಲ್ಲಿ ಕನ್ನಡವೂ ಉಂಟು. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯ್ದೆಯ ವ್ಯವಸ್ಥೆಯಲ್ಲಿ ಮೊದಲ ಭಾಗ ತಮಿಳಿಗೆ, ಎರಡನೆಯ ಭಾಗ ಇಂಗ್ಲಿಷಿಗೆ, ಮೂರನೆಯದು ಇತರ ವಿಷಯಗಳಿಗೆ ಮೀಸಲಾಗಿದೆ. ತಮಿಳು ಅಥವಾ ಇಂಗ್ಲಿಷ್ ಅಲ್ಲದ ಮಾತೃಭಾಷೆಗೆ ನಾಲ್ಕನೆಯ, ಐಚ್ಛಿಕ ಭಾಗದಲ್ಲಿ ಸ್ಥಾನ. ಮೊದಲ ಭಾಗದ ತಮಿಳಿನಿಂದ ಭಾಷಾ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ವಿನಾಯಿತಿ ಬೇಕೆಂಬ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿದೆ. ಎರಡನೆಯ ಭಾಗದ ಬಗ್ಗೆ ಅಂತಹ ವ್ಯಾಜ್ಯವಿಲ್ಲ. ಇಂಗ್ಲಿಷ್ ಎಲ್ಲರಿಗೂ ಕಡ್ಡಾಯ, ಎಲ್ಲರಿಗೂ ಹೊರಗಿನದು.

ಈ ಸ್ಥಿತಿಯಲ್ಲಿ ಒಂದು ನಂಬಿಕೆ ಬೇರೂರಿದೆ: ಕನ್ನಡದಲ್ಲಿ ಕಳೆದ ಸಮಯ ಇಂಗ್ಲಿಷಿನಿಂದ ಕಡಿತವಾದ ಸಮಯ ಎಂಬುದೇ ಅದು. ಮಗುವಿನ ಇಂಗ್ಲಿಷ್ ಉತ್ತರಪತ್ರಿಕೆಯಲ್ಲಿ ಕೆಂಪು ಗೆರೆಗಳು ಹೆಚ್ಚಾದಾಗ ಮನೆಮಾತನ್ನೇ ಹೊಣೆ ಮಾಡಲಾಗುತ್ತದೆ, ಅಥವಾ ಮಗುವಿನ ಅಜಾಗರೂಕತೆಯನ್ನು ದೂರಲಾಗುತ್ತದೆ. ಆದರೆ ಆ ತಪ್ಪುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ. ಅವುಗಳಲ್ಲಿ ಹೆಚ್ಚಿನವು ಕನ್ನಡದ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದರ ಫಲ. ಕನ್ನಡವು ಪ್ರತ್ಯಯಗಳಿಂದ ಮಾಡುವ ಕೆಲಸವನ್ನು ಇಂಗ್ಲಿಷ್ ಬರಹವು ಅನೇಕ ಕಡೆ ಚಿಹ್ನೆಗಳಿಂದ ಮಾಡುತ್ತದೆ. ಪ್ರತ್ಯಯವನ್ನು ಹೆಸರಿಟ್ಟು ಗುರುತಿಸಬಲ್ಲ ವಿದ್ಯಾರ್ಥಿಗೆ ಚಿಹ್ನೆಯ ಸ್ಥಾನವನ್ನು ತಿಳಿಸುವುದು ಕಷ್ಟವಲ್ಲ.

ದೊಡ್ಡಕ್ಷರ ಮತ್ತು ಅಂಕಿತನಾಮ

ಶಾಲೆಯಲ್ಲಿ ಕ್ಯಾಪಿಟಲ್ ಎಂದು ಕರೆಯುವ ದೊಡ್ಡಕ್ಷರಕ್ಕೆ ಕನ್ನಡದಲ್ಲಾಗಲಿ ತಮಿಳಿನಲ್ಲಾಗಲಿ ಸಮಾನವಾದುದಿಲ್ಲ. ಆದುದರಿಂದ ವಾಕ್ಯದ ಮೊದಲಲ್ಲಿ ಅದನ್ನು ಬಳಸಲು ಕಲಿತ ವಿದ್ಯಾರ್ಥಿಯೂ ವಾಕ್ಯದ ನಡುವೆ ಅದನ್ನು ಮರೆಯುತ್ತಾನೆ. ‘ಕನ್ನಡ’, ‘ತಮಿಳು’ ಎಂಬ ಭಾಷೆಯ ಹೆಸರುಗಳನ್ನೂ ‘ಮಂಡೇ’, ‘ಜನವರಿ’ ಎಂಬ ವಾರ ಮತ್ತು ತಿಂಗಳಿನ ಹೆಸರುಗಳನ್ನೂ ಚಿಕ್ಕಕ್ಷರದಿಂದ ಬರೆಯುತ್ತಾನೆ; ಮುಖ್ಯವೆಂದು ತೋರಿದ ‘ಫಾರ್ಮರ್’, ‘ಸ್ಕೂಲ್’ ಎಂಬ ಪದಗಳಿಗೆ ದೊಡ್ಡಕ್ಷರ ಕೊಡುತ್ತಾನೆ. ಎರಡನೆಯ ತಪ್ಪಿನಲ್ಲಿ ಒಂದು ತರ್ಕವಿದೆ. ಮುಖ್ಯವಾದುದು ದೊಡ್ಡದಾಗಿರಬೇಕು ಎಂದು ಆತ ಊಹಿಸಿದ್ದಾನೆ. ಹದಿನೆಂಟನೆಯ ಶತಮಾನದ ಮೊದಲರ್ಧದ ಇಂಗ್ಲಿಷ್ ಮುದ್ರಕರೂ ನಾಮಪದಗಳಿಗೆಲ್ಲ ದೊಡ್ಡಕ್ಷರ ಹಾಕುವ ರೂಢಿಯಲ್ಲಿದ್ದರು. ಆ ರೂಢಿ ಅಳಿದದ್ದು ಆ ಶತಮಾನದ ಉತ್ತರಾರ್ಧದಲ್ಲಿ.

ಈಗಿನ ನಿಯಮಕ್ಕೆ ಮುಖ್ಯತೆ ಆಧಾರವಲ್ಲ. ಕನ್ನಡ ವ್ಯಾಕರಣದ ರೂಢನಾಮ, ಅಂಕಿತನಾಮ ಎಂಬ ವಿಭಾಗವೇ ಅದಕ್ಕೆ ಆಧಾರ. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದ ಪರಂಪರೆಯಲ್ಲಿ ಬಂದ ಈ ವಿಭಾಗವನ್ನು ಕನ್ನಡ ಓದುವ ಮಗು ಕೆಳಗಿನ ತರಗತಿಗಳಲ್ಲಿಯೇ ಕಲಿಯುತ್ತದೆ. ‘ಕೋಟೆ’ ರೂಢನಾಮ, ‘ರಾಯಕೋಟೆ’ ಅಂಕಿತನಾಮ. ಹಾಗೆಯೇ ‘ದ ಫೋರ್ಟ್’ ಎಂದು ಬರೆಯುವಾಗ ಫಕಾರಕ್ಕೆ ಚಿಕ್ಕಕ್ಷರ. ಊರ ಹೆಸರಿನೊಡನೆ ಸೇರಿ ‘ರಾಯಕೋಟ್ಟೈ ಫೋರ್ಟ್’ ಎಂದು ಒಂದೇ ಹೆಸರಾದಾಗ ಎರಡೂ ಪದಗಳಿಗೆ ದೊಡ್ಡಕ್ಷರ. ‘ಮೈ ಮದರ್’ ಎಂಬಲ್ಲಿ ತಾಯಿ ರೂಢನಾಮ. ‘ಅಮ್ಮ’ ಎಂದು ಕರೆಯುವಂತೆ ‘ಮದರ್’ ಎಂದು ಸಂಬೋಧಿಸಿದಾಗ ಅದು ಹೆಸರಿನ ಸ್ಥಾನದಲ್ಲಿ ನಿಲ್ಲುವುದರಿಂದ ದೊಡ್ಡಕ್ಷರ.

ಕೆಲವು ಕಡೆ ಎರಡು ಭಾಷೆಗಳ ಎಣಿಕೆ ಬೇರೆಯಾಗುತ್ತದೆ. ಇಂಗ್ಲಿಷ್ ಭಾಷೆಯ ಹೆಸರನ್ನೂ ವಾರದ ಹೆಸರನ್ನೂ ಅಂಕಿತನಾಮವೆಂದು ಎಣಿಸುತ್ತದೆ, ಋತುಗಳ ಹೆಸರನ್ನು ಎಣಿಸುವುದಿಲ್ಲ. ‘ನಾನು’ ಎಂಬರ್ಥದ ‘ಐ’ ಎಲ್ಲಿ ಬಂದರೂ ದೊಡ್ಡದು. ಇಂತಹವನ್ನು ನೆನಪಿನಲ್ಲಿಡಬೇಕಾದುದೇ ಸರಿ.

ವಾಕ್ಯದ ಕೊನೆ

ಕೆಂಪು ಗೆರೆಗಳ ದೊಡ್ಡ ಪಾಲು ವಾಕ್ಯಗಳು ಮುಗಿಯದೆ ಹರಿಯುವುದಕ್ಕೆ ಸಲ್ಲುತ್ತದೆ. ಟೊಮ್ಯಾಟೊ ಮಾರುಕಟ್ಟೆಗೆ ಹೆಸರಾದ ರಾಯಕೋಟೆಯ ರೈತಾಪಿ ಮನೆಯ ಮಗು ಕನ್ನಡದಲ್ಲಿ ಹೀಗೆ ಬರೆಯಬಹುದು: “ಅಪ್ಪ ಬೆಳಗ್ಗೆ ಎದ್ದು, ಹೊಲಕ್ಕೆ ಹೋಗಿ, ಟೊಮ್ಯಾಟೊ ಕಿತ್ತು, ಮಂಡಿಗೆ ತಂದರು.” ಇದು ಒಂದೇ ವಾಕ್ಯ. ಎದ್ದು, ಹೋಗಿ, ಕಿತ್ತು ಎಂಬ ಭೂತನ್ಯೂನಗಳು ಅಪೂರ್ಣಕ್ರಿಯೆಗಳು. ‘ತಂದರು’ ಎಂಬುದೊಂದೇ ಪೂರ್ಣಕ್ರಿಯೆ. ಕನ್ನಡದ ಸಾಮಾನ್ಯ ವಾಕ್ಯಕ್ರಮದಲ್ಲಿ ಪೂರ್ಣಕ್ರಿಯೆ ಕೊನೆಯಲ್ಲಿ ಬರುವುದರಿಂದ ಪೂರ್ಣವಿರಾಮವನ್ನು ಅಳಿಸಿದರೂ ವಾಕ್ಯದ ಕೊನೆ ಓದುಗನಿಗೆ ತಿಳಿಯುತ್ತದೆ. ಪದಗಳ ನಡುವೆ ತೆರಪು ಬಿಡದೆ ಬರೆದ ಶಾಸನಗಳನ್ನೂ ಓಲೆಗರಿಗಳನ್ನೂ ಓದಲು ಸಾಧ್ಯವಾಗಿರುವುದಕ್ಕೆ ಇದೂ ಒಂದು ಕಾರಣ.

ಇದೇ ಸಂಗತಿಯನ್ನು ಮಗು ಇಂಗ್ಲಿಷಿಗೆ ತಂದಾಗ ನ್ಯೂನಗಳೆಲ್ಲ ಪೂರ್ಣಕ್ರಿಯೆಗಳಾಗುತ್ತವೆ: “ಮೈ ಫಾದರ್ ಗಾಟ್ ಅಪ್, ಹಿ ವೆಂಟ್ ಟು ದ ಫೀಲ್ಡ್, ಹಿ ಪಿಕ್ಡ್ ದ ಟೊಮ್ಯಾಟೋಸ್, ಹಿ ಬ್ರಾಟ್ ದೆಮ್ ಟು ದ ಮಾರ್ಕೆಟ್.” ಇಲ್ಲಿ ನಾಲ್ಕು ಪೂರ್ಣ ವಾಕ್ಯಗಳು ಬರಿಯ ಅಲ್ಪವಿರಾಮಗಳಿಂದ ಹೊಲಿದುಕೊಂಡಿವೆ. ಇಂಗ್ಲಿಷಿನ ನಿಯಮದಂತೆ ಅಲ್ಪವಿರಾಮಕ್ಕೆ ಎರಡು ಪೂರ್ಣ ವಾಕ್ಯಗಳನ್ನು ಕೂಡಿಸುವ ಬಲವಿಲ್ಲ. ಮಗು ಮಾಡಿದ್ದು ಇಷ್ಟೇ: ‘ಎದ್ದು’ ಎಂಬುದರ ಮುಂದಿನ ಅಲ್ಪವಿರಾಮವನ್ನು ‘ಎದ್ದರು’ ಎಂಬುದರ ಮುಂದೆಯೂ ಉಳಿಸಿಕೊಂಡಿದೆ.

ತಿದ್ದುವ ದಾರಿಯೂ ಇದರಿಂದಲೇ ಹೊಳೆಯುತ್ತದೆ. ವಿದ್ಯಾರ್ಥಿ ತಾನು ಬರೆದ ಇಂಗ್ಲಿಷ್ ತುಂಡುಗಳಿಗೆ ಕನ್ನಡ ಕ್ರಿಯಾರೂಪವನ್ನು ಹೊಂದಿಸಿ ನೋಡಬೇಕು. ಕರ್ತೃವೂ ಕಾಲವೂ ಕೂಡಿದ ‘ಎದ್ದರು’ ಎಂಬ ರೂಪ ಹೊಂದಿದರೆ ಅಲ್ಲಿ ಪೂರ್ಣವಿರಾಮ ಬೇಕು, ಇಲ್ಲವೇ ‘ಆ್ಯಂಡ್’ ಮೊದಲಾದ ಸಂಯೋಜಕ ಬೇಕು. ಎರಡು ವಾಕ್ಯಗಳ ಸಂಬಂಧ ನಿಕಟವಾಗಿದ್ದರೆ ಅರ್ಧವಿರಾಮವೂ ಸಲ್ಲುತ್ತದೆ. ಒಂದೇ ಕರ್ತೃವಿನ ಕೆಲಸಗಳಾದರೆ ಕರ್ತೃಪದವನ್ನು ಮತ್ತೆ ಹೇಳದೆ ಕ್ರಿಯೆಗಳನ್ನಷ್ಟೇ ಅಲ್ಪವಿರಾಮದಿಂದ ಸಾಲಾಗಿ ಕೊಟ್ಟು, ಕೊನೆಯದರ ಮೊದಲು ‘ಆ್ಯಂಡ್’ ಹಾಕಬಹುದು. ‘ಹಿ’ ಎಂಬುದನ್ನು ಮೂರು ಕಡೆ ಅಳಿಸಿ ಒಂದು ‘ಆ್ಯಂಡ್’ ಸೇರಿಸಿದರೆ ಮೇಲಿನ ವಾಕ್ಯ ಶುದ್ಧವಾಗುತ್ತದೆ.

ಅಲ್ಪವಿರಾಮದ ಅರ್ಥಭೇದ

ಕನ್ನಡದಲ್ಲಿ ಅಲ್ಪವಿರಾಮ ಹೆಚ್ಚಾಗಿ ಉಸಿರಿಗೆ ಸಂಬಂಧಿಸಿದ್ದು. ಓದುವಾಗ ಎಲ್ಲಿ ನಿಲ್ಲಬೇಕೋ ಅಲ್ಲಿ ಬರುತ್ತದೆ. ಇಂಗ್ಲಿಷಿನಲ್ಲಿ ಅದು ಅರ್ಥವನ್ನೇ ಬದಲಿಸಬಲ್ಲದು. “ಮೈ ಬ್ರದರ್ ಹೂ ಲಿವ್ಸ್ ಇನ್ ಹೊಸೂರ್ ಈಸ್ ಎ ಟೀಚರ್” ಎಂದು ಅಲ್ಪವಿರಾಮವಿಲ್ಲದೆ ಬರೆದರೆ ಅಣ್ಣಂದಿರು ಒಬ್ಬರಿಗಿಂತ ಹೆಚ್ಚಿದ್ದಾರೆ, ಅವರಲ್ಲಿ ಹೊಸೂರಿನಲ್ಲಿರುವವರ ವಿಷಯ ಹೇಳಲಾಗುತ್ತಿದೆ ಎಂದರ್ಥ. ‘ಬ್ರದರ್’ ಎಂಬುದರ ಮುಂದೊಂದು, ‘ಹೊಸೂರ್’ ಎಂಬುದರ ಮುಂದೊಂದು ಅಲ್ಪವಿರಾಮ ಇಟ್ಟರೆ ಇರುವುದು ಒಬ್ಬನೇ ಅಣ್ಣ. ಆತ ಹೊಸೂರಿನಲ್ಲಿದ್ದಾನೆಂಬುದು ನಡುವೆ ಹೇಳಿದ ಹೆಚ್ಚಿನ ಮಾತು. “ಹೊಸೂರಿನಲ್ಲಿರುವ ನಮ್ಮ ಅಣ್ಣ ಶಿಕ್ಷಕರು” ಎಂಬ ಕನ್ನಡ ವಾಕ್ಯ ಎರಡೂ ಅರ್ಥಗಳಿಗೆ ಸಲ್ಲುತ್ತದೆ. ‘ಇರುವ’ ಎಂಬ ಕೃದಂತ ನಾಮದ ಹಿಂದೆ ನಿಂತು ಅಣ್ಣಂದಿರ ಸಂಖ್ಯೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಇಲ್ಲಿ ಕನ್ನಡದಿಂದ ನೇರ ಸಹಾಯ ದೊರೆಯದು; ಭೇದವನ್ನು ಹೊಸದಾಗಿಯೇ ಕಲಿಯಬೇಕು.

ಷರತ್ತಿನ ವಾಕ್ಯಗಳಲ್ಲಿ ಸಹಾಯ ದೊರೆಯುತ್ತದೆ. “ಮಳೆ ಬಂದರೆ ಮಂಡಿ ನಡೆಯುವುದಿಲ್ಲ” ಎಂಬಲ್ಲಿ ‘-ಅರೆ’ ಎಂಬ ಪ್ರತ್ಯಯ ಷರತ್ತಿನ ಗಡಿಯನ್ನು ತೋರಿಸುತ್ತದೆ. ಇಂಗ್ಲಿಷಿನಲ್ಲಿ ‘ಇಫ್’ ಷರತ್ತಿನ ಆರಂಭವನ್ನು ಮಾತ್ರ ತೋರಿಸುತ್ತದೆ, ಅದರ ಕೊನೆಯನ್ನು ತೋರಿಸುವುದಿಲ್ಲ. ಆ ಕೊನೆಯಲ್ಲಿ, ಎಂದರೆ ಕನ್ನಡದಲ್ಲಿ ‘-ಅರೆ’ ಬರುವ ಸ್ಥಾನದಲ್ಲಿ, ಇಂಗ್ಲಿಷ್ ಅಲ್ಪವಿರಾಮವನ್ನಿಡುತ್ತದೆ: “ಇಫ್ ಇಟ್ ರೇನ್ಸ್, ದ ಮಾರ್ಕೆಟ್ ವಿಲ್ ನಾಟ್ ಓಪನ್.” ಷರತ್ತನ್ನು ವಾಕ್ಯದ ಹಿಂಭಾಗಕ್ಕೆ ಸರಿಸಿದರೆ ‘ಇಫ್’ ಎಂಬುದೇ ಗಡಿಯಾಗುವುದರಿಂದ ಅಲ್ಪವಿರಾಮ ಬೇಕಿಲ್ಲ.

‘ಎಂದು’ ಎಂಬುದರ ಹೊರೆ

ಇನ್ನೊಬ್ಬರ ಮಾತನ್ನು ವರದಿ ಮಾಡುವಾಗ ಕನ್ನಡಕ್ಕೆ ‘ಎಂದು’ ಎಂಬ ಒಂದು ಪದ ಸಾಕು. ಆಡುಮಾತಿನಲ್ಲಿ ಅದು ‘ಅಂತ’. ತಮಿಳಿನ ‘ಎನ್ರು’, ತೆಲುಗಿನ ‘ಅನಿ’ ಇದೇ ಕೆಲಸ ಮಾಡುವುದರಿಂದ ಗಡಿನಾಡಿನ ಮಗುವಿನ ಎಲ್ಲ ಮಾತುಗಳೂ ಈ ವಿಷಯದಲ್ಲಿ ಒಂದೇ. “ನಾಳೆ ಬರುತ್ತೇನೆ ಎಂದು ರೈತ ಹೇಳಿದನು” ಎಂಬಲ್ಲಿ ರೈತನ ಮಾತು ಆತ ಆಡಿದಂತೆಯೇ ಉಳಿಯುತ್ತದೆ. ‘ಬರುತ್ತೇನೆ’ ಎಂಬ ಉತ್ತಮಪುರುಷವೂ ‘ನಾಳೆ’ ಎಂಬ ಕಾಲವೂ ಬದಲಾಗುವುದಿಲ್ಲ. ‘ಎಂದು’ ಬಂದೊಡನೆ ಉದ್ಧೃತ ಮಾತು ಮುಗಿಯಿತೆಂದು ತಿಳಿಯುತ್ತದೆ.

ಇಂಗ್ಲಿಷಿನಲ್ಲಿ ಎರಡು ದಾರಿಗಳಿವೆ. ಅವು ಒಂದರೊಳಗೊಂದು ಬೆರೆಯಬಾರದು. ಮೊದಲನೆಯದು ನೇರ ಮಾತು. ‘ಹಿ ಸೆಡ್’ ಎಂದು ಬರೆದು ಅಲ್ಪವಿರಾಮವಿಟ್ಟು, ಉದ್ಧರಣ ಚಿಹ್ನೆಯನ್ನು ತೆರೆದು, ದೊಡ್ಡಕ್ಷರದಿಂದ ಮಾತನ್ನು ಆರಂಭಿಸಿ, ಪೂರ್ಣವಿರಾಮವಿಟ್ಟ ಅನಂತರ ಚಿಹ್ನೆಯನ್ನು ಮುಚ್ಚಬೇಕು. ಒಳಗಿನ ಮಾತು ಆಡಿದಂತೆಯೇ ಇರುತ್ತದೆ: “ಐ ವಿಲ್ ಕಮ್ ಟುಮಾರೋ.” ಎರಡನೆಯದು ವರದಿಯ ಮಾತು. ಅಲ್ಲಿ ಉದ್ಧರಣ ಚಿಹ್ನೆಯಿಲ್ಲ, ‘ದಟ್’ ಬರುತ್ತದೆ, ಪುರುಷ, ಕಾಲ, ದಿನ ಮೂರೂ ಹೇಳುವವನ ದೃಷ್ಟಿಗೆ ತಿರುಗುತ್ತವೆ: “ಹಿ ಸೆಡ್ ದಟ್ ಹಿ ವುಡ್ ಕಮ್ ದ ನೆಕ್ಸ್ಟ್ ಡೇ.”

ಮಗು ‘ಎಂದು’ ಎಂಬುದಕ್ಕೆ ‘ದಟ್’ ಸಮಾನವೆಂದು ಕಲಿತಿರುತ್ತದೆ. ಆದುದರಿಂದ “ಹಿ ಸೆಡ್ ದಟ್ ಐ ವಿಲ್ ಕಮ್ ಟುಮಾರೋ” ಎಂದು ಬರೆಯುತ್ತದೆ. ಓದುವ ಇಂಗ್ಲಿಷ್ ಬಲ್ಲವನಿಗೆ ನಾಳೆ ಬರುವವನು ರೈತನಲ್ಲ, ಬರೆದ ವಿದ್ಯಾರ್ಥಿಯೇ ಎಂಬ ಅರ್ಥ ಹೊಮ್ಮುತ್ತದೆ. ‘ಎಂದು’ ಎಂಬುದಕ್ಕೆ ಹೆಚ್ಚು ಹತ್ತಿರವಾದುದು ‘ದಟ್’ ಅಲ್ಲ, ಮುಚ್ಚುವ ಉದ್ಧರಣ ಚಿಹ್ನೆ ಎಂದು ತಿಳಿಸಿದರೆ ಗೊಂದಲದ ಮೂಲವೇ ಕಡಿಮೆಯಾಗುತ್ತದೆ.

ಪ್ರಶ್ನೆಯ ವರದಿಯಲ್ಲೂ ಇದೇ ತೊಡಕು. “ಎಲ್ಲಿದ್ದಾನೆ ಎಂದು ಕೇಳಿದೆ” ಎಂಬಲ್ಲಿ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿದಿರುವುದರಿಂದ ಮಗು “ಐ ಆಸ್ಕ್ಡ್ ವೇರ್ ಈಸ್ ಹಿ?” ಎಂದು ಪ್ರಶ್ನಾರ್ಥಕ ಚಿಹ್ನೆಯೊಡನೆ ಬರೆಯುತ್ತದೆ. ವರದಿಯಾದ ಪ್ರಶ್ನೆ ಇಂಗ್ಲಿಷಿನಲ್ಲಿ ಹೇಳಿಕೆಯ ಪದಕ್ರಮಕ್ಕೆ ಮರಳುತ್ತದೆ ಮತ್ತು ಪೂರ್ಣವಿರಾಮದಿಂದ ಮುಗಿಯುತ್ತದೆ: “ಐ ಆಸ್ಕ್ಡ್ ವೇರ್ ಹಿ ವಾಸ್.”

ಅಪಾಸ್ಟ್ರಫಿ: ಷಷ್ಠಿಯೂ ಲೋಪವೂ

ಅಪಾಸ್ಟ್ರಫಿ ಎಂಬ ಮೇಲುಗೆರೆಗೆ ಎರಡು ಕೆಲಸಗಳಿವೆ. ಒಂದು ಒಡೆತನವನ್ನು ಸೂಚಿಸುವುದು, ಇನ್ನೊಂದು ಬಿಟ್ಟ ಅಕ್ಷರದ ಸ್ಥಾನವನ್ನು ತೋರಿಸುವುದು.

ಒಡೆತನದ ವಿಷಯದಲ್ಲಿ ತೊಡಕು ಕಿವಿಯಿಂದ ಹುಟ್ಟುತ್ತದೆ. ‘ಬಾಯ್ಸ್’ ಎಂಬ ಒಂದೇ ಧ್ವನಿಗೆ ಇಂಗ್ಲಿಷಿನಲ್ಲಿ ಮೂರು ಬರಹಗಳಿವೆ: ಅಪಾಸ್ಟ್ರಫಿಯಿಲ್ಲದ್ದು, ಎಸ್ ಅಕ್ಷರದ ಹಿಂದೆ ಅಪಾಸ್ಟ್ರಫಿಯಿರುವುದು, ಎಸ್ ಅಕ್ಷರದ ಮುಂದೆ ಅಪಾಸ್ಟ್ರಫಿಯಿರುವುದು. ಇಂಗ್ಲಿಷನ್ನು ಮನೆಮಾತಾಗಿ ಉಳ್ಳ ಮಕ್ಕಳೂ ಇಲ್ಲಿ ಎಡವುತ್ತಾರೆ. ಅವರ ಕಿವಿ ಅವರಿಗೆ ನೆರವಾಗದು. ಕನ್ನಡದ ಕಿವಿಗೆ ಈ ಮೂರೂ ಬೇರೆ ಬೇರೆ: ಹುಡುಗರು, ಹುಡುಗನ, ಹುಡುಗರ. ಮೊದಲನೆಯದು ಬಹುವಚನದ ಪ್ರಥಮಾ ವಿಭಕ್ತಿ, ಅಪಾಸ್ಟ್ರಫಿ ಬೇಡ. ಎರಡನೆಯದು ಏಕವಚನದ ಷಷ್ಠೀ ವಿಭಕ್ತಿ, ಎಸ್ ಅಕ್ಷರದ ಹಿಂದೆ ಅಪಾಸ್ಟ್ರಫಿ. ಮೂರನೆಯದು ಬಹುವಚನದ ಷಷ್ಠೀ ವಿಭಕ್ತಿ, ಎಸ್ ಅಕ್ಷರದ ಮುಂದೆ ಅಪಾಸ್ಟ್ರಫಿ. ಬರೆಯುವ ಮೊದಲು ಪದವನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿ ನೋಡಿದ ವಿದ್ಯಾರ್ಥಿಗೆ ಉತ್ತರ ದೊರೆತಂತೆಯೇ. ಈ ಒಂದು ವಿಷಯದಲ್ಲಿ ರಾಯಕೋಟೆಯ ಮಗುವಿಗೆ ಲಂಡನ್ನಿನ ಮಗುವಿಗಿಲ್ಲದ ಅನುಕೂಲವಿದೆ.

ಅಕ್ಷರ ಬಿಡುವುದನ್ನು ತಿಳಿಯಲು ಲೋಪಸಂಧಿಯ ನೆನಪು ಸಾಕು. ಹೊಸ ಮತ್ತು ಊರು ಸೇರಿ ‘ಹೊಸೂರು’ ಆದಾಗ ಅಕಾರ ಲೋಪವಾಯಿತು. ಕನ್ನಡ ಬರಹದಲ್ಲಿ ಆ ಲೋಪಕ್ಕೆ ಗುರುತಿಲ್ಲ. ‘ಡೂ ನಾಟ್’ ಎಂಬುದು ‘ಡೋಂಟ್’ ಆದಾಗ ಓ ಅಕ್ಷರ ಲೋಪವಾಗುತ್ತದೆ. ಆ ಅಕ್ಷರವಿದ್ದ ಸ್ಥಳದಲ್ಲಿಯೇ ಇಂಗ್ಲಿಷ್ ಅಪಾಸ್ಟ್ರಫಿಯನ್ನಿಡುತ್ತದೆ. ಎರಡು ಪದಗಳ ಸಂದಿನಲ್ಲಲ್ಲ, ಲೋಪವಾದ ಅಕ್ಷರದ ಸ್ಥಾನದಲ್ಲಿ ಎಂಬುದು ಗಮನಿಸಬೇಕಾದ ಅಂಶ.

ಎರಡು ಕೆಲಸಗಳೂ ಡಿಕ್ಕಿ ಹೊಡೆಯುವುದು ‘ಇಟ್ಸ್’ ಎಂಬಲ್ಲಿ. ಹದಿನೆಂಟನೆಯ ಶತಮಾನದವರೆಗೂ ಬಲ್ಲವರೇ ಒಡೆತನದ ಅರ್ಥದಲ್ಲಿ ಇದಕ್ಕೆ ಅಪಾಸ್ಟ್ರಫಿ ಹಾಕುತ್ತಿದ್ದರು. ಈಗ ಅದು ತಪ್ಪು. ಕನ್ನಡದ ಪರೀಕ್ಷೆ ಇಲ್ಲಿಯೂ ಸಲ್ಲುತ್ತದೆ: ಆ ಸ್ಥಳದಲ್ಲಿ ‘ಅದರ’ ಎಂದು ಹೊಂದಿದರೆ ಅಪಾಸ್ಟ್ರಫಿ ಬೇಡ, ‘ಅದು’ ಎಂದು ಹೊಂದಿದರೆ ಬೇಕು. “ಅದರ ಗೋಡೆಗಳು ಹಳೆಯವು” ಎಂಬುದಕ್ಕೆ ಅಪಾಸ್ಟ್ರಫಿಯಿಲ್ಲ. “ಅದು ಹಳೆಯ ಕೋಟೆ” ಎಂಬುದಕ್ಕಿದೆ.

‘ಎ’, ‘ಆ್ಯನ್’, ‘ದ’

ಸ್ವರಾಕ್ಷರಗಳ ಮುಂದೆ ‘ಆ್ಯನ್’ ಬರೆಯಬೇಕೆಂದು ಕಲಿತ ಮಗು ಎ, ಇ, ಐ, ಓ, ಯು ಎಂಬ ಐದು ಅಕ್ಷರಗಳನ್ನು ಹುಡುಕುತ್ತದೆ. ‘ಯೂನಿವರ್ಸಿಟಿ’ಗೆ ‘ಆ್ಯನ್’ ಹಾಕಿ, ‘ಅವರ್’ ಎಂಬ ಗಂಟೆಗೆ ‘ಎ’ ಹಾಕುತ್ತದೆ. ನಿಯಮ ಅಕ್ಷರವನ್ನು ಕುರಿತದ್ದಲ್ಲ, ಧ್ವನಿಯನ್ನು ಕುರಿತದ್ದು. ಧ್ವನಿಯನ್ನು ಕಾಣಿಸುವ ಲಿಪಿ ಕನ್ನಡ ವಿದ್ಯಾರ್ಥಿಯ ಕೈಯಲ್ಲೇ ಇದೆ. ಇಂಗ್ಲಿಷ್ ಪದವನ್ನು ಕನ್ನಡ ಲಿಪಿಯಲ್ಲಿ ಬರೆದಾಗ ಮೊದಲ ಅಕ್ಷರ ಸ್ವರವಾದರೆ ‘ಆ್ಯನ್’, ವ್ಯಂಜನವಾದರೆ ‘ಎ’. ಯೂನಿವರ್ಸಿಟಿ, ಯುರೋಪಿಯನ್ ಎಂಬವು ಯಕಾರದಿಂದ ಆರಂಭವಾಗುತ್ತವೆ, ‘ಎ’. ಅವರ್, ಆನೆಸ್ಟ್, ಎಂ.ಎಲ್.ಎ. ಎಂಬವು ಸ್ವರದಿಂದ ಆರಂಭವಾಗುತ್ತವೆ, ‘ಆ್ಯನ್’. ಒಂದು ಎಚ್ಚರಿಕೆ ಬೇಕು: ಕನ್ನಡಿಗರು ‘ಒನ್’ ಎಂದು ಬರೆಯುವ ಪದದ ಇಂಗ್ಲಿಷ್ ಉಚ್ಚಾರಣೆ ‘ವನ್’, ಆದುದರಿಂದ ಅದಕ್ಕೆ ‘ಎ’.

ಎರಡು ಸ್ವರಗಳು ಎದುರಾಗದಂತೆ ನಡುವೆ ವ್ಯಂಜನ ನಿಲ್ಲುವ ಪದ್ಧತಿ ಕನ್ನಡಕ್ಕೆ ಹೊಸದಲ್ಲ. ಕೋಟೆ ಮತ್ತು ಅನ್ನು ಸೇರಿದಾಗ ‘ಕೋಟೆಯನ್ನು’ ಎಂದು ಯಕಾರಾಗಮವಾಗುತ್ತದೆ. ಇತಿಹಾಸದಲ್ಲಿ ಎರಡೂ ಒಂದೇ ಬಗೆಯವಲ್ಲ: ಇಂಗ್ಲಿಷಿನಲ್ಲಿ ‘ಆ್ಯನ್’ ಎಂಬುದೇ ಹಳೆಯ ರೂಪ, ವ್ಯಂಜನದ ಮುಂದೆ ಅದರ ನಕಾರ ಉದುರಿತು. ಆದರೂ ಕಿವಿಗೆ ಕಾರಣವನ್ನು ತಿಳಿಸಲು ಆಗಮಸಂಧಿಯ ಹೋಲಿಕೆ ಸಾಕು.

‘ದ’ ಎಂಬುದು ಇನ್ನೂ ಕಠಿಣ. ಆದರೂ ಕನ್ನಡದಲ್ಲಿ ಅದರ ನೆರಳಿಲ್ಲದಿಲ್ಲ. “ಪುಸ್ತಕ ತಂದನು” ಎಂದರೆ ಯಾವುದೋ ಪುಸ್ತಕ. “ಪುಸ್ತಕವನ್ನು ತಂದನು” ಎಂದರೆ ಹೆಚ್ಚಾಗಿ ಕೇಳುಗನಿಗೂ ತಿಳಿದ ಪುಸ್ತಕ. ದ್ವಿತೀಯಾ ವಿಭಕ್ತಿ ಪ್ರತ್ಯಯದ ಈ ಸೂಕ್ಷ್ಮ ಬಳಕೆ ‘ಎ’ ಮತ್ತು ‘ದ’ ನಡುವಿನ ಭೇದಕ್ಕೆ ಪ್ರವೇಶ ಒದಗಿಸುತ್ತದೆ. ಪ್ರವೇಶದ ಆಚೆಗೆ ಓದಿನ ಅಭ್ಯಾಸವೇ ಗತಿ.

ಒತ್ತಕ್ಷರ ಮತ್ತು ಜೋಡಿ ಅಕ್ಷರ

ಕಾಗುಣಿತದಲ್ಲಿ ಕನ್ನಡ ಹೆಚ್ಚು ನೆರವಾಗದು. ಇಂಗ್ಲಿಷ್ ಕಾಗುಣಿತ ಅಚ್ಚಿನ ಯಂತ್ರದೊಡನೆ ಗಟ್ಟಿಯಾಗುತ್ತ ಬಂತು. ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿನಲ್ಲಿ ಮುದ್ರಣವನ್ನು ಆರಂಭಿಸಿದ್ದು 1476ರಲ್ಲಿ. ಸ್ವರಗಳ ಉಚ್ಚಾರಣೆ ಆಮೇಲೂ ಬದಲಾಗುತ್ತ ಹೋಯಿತು, ಬರಹ ಹಿಂದೆ ಉಳಿಯಿತು. ಆದರೆ ಒಂದು ಭೇದವನ್ನು ಸ್ಪಷ್ಟಪಡಿಸುವುದರಿಂದ ಅನೇಕ ತಪ್ಪುಗಳು ತಪ್ಪುತ್ತವೆ. ಕನ್ನಡದಲ್ಲಿ ಒತ್ತಕ್ಷರ ವ್ಯಂಜನದ್ದೇ ಬಲ: ಕತೆ ಬೇರೆ, ಕತ್ತೆ ಬೇರೆ. ಇಂಗ್ಲಿಷಿನಲ್ಲಿ ಜೋಡಿ ವ್ಯಂಜನ ಉಚ್ಚಾರಣೆಯಲ್ಲಿ ಇಮ್ಮಡಿಯಾಗುವುದಿಲ್ಲ. ಅದು ತನ್ನ ಹಿಂದಿನ ಸ್ವರದ ಗುಣವನ್ನು ಸೂಚಿಸುತ್ತದೆ. ಒಂದೇ ಪಿ ಇದ್ದರೆ ಆಶಿಸುವ ‘ಹೋಪಿಂಗ್’, ಎರಡಿದ್ದರೆ ಕುಪ್ಪಳಿಸುವ ‘ಹಾಪಿಂಗ್’. ಎರಡರಲ್ಲೂ ಕೇಳುವ ಪಕಾರ ಒಂದೇ, ಬದಲಾದುದು ಸ್ವರ. ಒತ್ತು ಕೇಳಿಸದುದರಿಂದ ಒಂದೇ ಅಕ್ಷರ ಬರೆಯುವ ಕನ್ನಡ ವಿದ್ಯಾರ್ಥಿಯ ತಪ್ಪಿಗೆ ಕಾರಣ ಇದೇ.

ಅಘೋಷ ಮತ್ತು ಘೋಷ ವ್ಯಂಜನಗಳ ಭೇದದಲ್ಲಿ ಕನ್ನಡ ಲಿಪಿಯ ಕಲಿಕೆ ಲಾಭದಾಯಕ. ತಮಿಳು ಲಿಪಿಯಲ್ಲಿ ಕಕಾರ-ಗಕಾರಗಳಿಗೂ ಪಕಾರ-ಬಕಾರಗಳಿಗೂ ಒಂದೊಂದೇ ಅಕ್ಷರ; ಸಂದರ್ಭದಿಂದ ಉಚ್ಚಾರಣೆ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ‘ಪ್ಯಾಟ್’ ಮತ್ತು ‘ಬ್ಯಾಟ್’ ಬೇರೆ ಅಕ್ಷರಗಳನ್ನು ಬಯಸುತ್ತವೆ. ಕನ್ನಡ ವರ್ಣಮಾಲೆಯನ್ನು ಕಲಿತ ಮಗುವಿಗೆ ಈ ಭೇದ ಬರಹದಲ್ಲಿಯೇ ಪರಿಚಿತ.

ಕನ್ನಡದ ಸ್ಥಾನ

ಮೇಲಿನ ನಿಯಮಗಳು ಇಂಗ್ಲಿಷಿಗೂ ಹುಟ್ಟಿನಿಂದ ಬಂದವಲ್ಲ. ಸ್ಯಾಮ್ಯುಯೆಲ್ ಜಾನ್ಸನ್‌ನ ನಿಘಂಟು ಪ್ರಕಟವಾದುದು 1755ರಲ್ಲಿ. ಶಾಲೆಗಳಲ್ಲಿ ಬಹುಕಾಲ ಆಳಿದ ಲಿಂಡ್ಲೆ ಮರ್ರೆಯ ಇಂಗ್ಲಿಷ್ ವ್ಯಾಕರಣ 1795ರಲ್ಲಿ. ಬಾರಾಮಹಲಿನಲ್ಲಿ ಕಂಪನಿಯ ಕಲೆಕ್ಟರ್ ಅಲೆಕ್ಸಾಂಡರ್ ರೀಡ್ ಮತ್ತು ಆತನ ಸಹಾಯಕ ಥಾಮಸ್ ಮನ್ರೊ ಕಂದಾಯದ ಕಾಗದಗಳನ್ನು ಬರೆಯುತ್ತಿದ್ದ ವರ್ಷಗಳವು. ಕನ್ನಡ ಬರಹವೂ ಇಂದಿನ ಅಲ್ಪವಿರಾಮ, ಪೂರ್ಣವಿರಾಮ, ಉದ್ಧರಣ ಚಿಹ್ನೆಗಳನ್ನು ಆಮೇಲಿನ ಶತಮಾನದ ಮುದ್ರಣದೊಡನೆ ಇಂಗ್ಲಿಷಿನಿಂದಲೇ ಪಡೆಯಿತು. ಕನ್ನಡ ಬರೆಯಲು ಕಲಿತ ಮಗು ಇಂಗ್ಲಿಷಿನ ಚಿಹ್ನೆಗಳನ್ನು ಆಗಲೇ ಕೈಗೆ ತೆಗೆದುಕೊಂಡಿರುತ್ತದೆ. ಅವುಗಳ ಹೊರೆ ಎರಡು ಭಾಷೆಗಳಲ್ಲಿ ಎಲ್ಲಿ ಬೇರೆಯಾಗುತ್ತದೆ ಎಂಬುದನ್ನಷ್ಟೇ ತಿಳಿಯಬೇಕು.

ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ಸಿ. ರಾಜಗೋಪಾಲಾಚಾರಿ ಅವರು ತಮ್ಮ ಇಂಗ್ಲಿಷ್ ಮಹಾಭಾರತವನ್ನು ಮೊದಲು ತಮಿಳಿನಲ್ಲಿ ಹೇಳಿ ಅನಂತರ ಇಂಗ್ಲಿಷಿಗೆ ತಂದವರು. ಅದರ ಚಿಕ್ಕ, ತಿಳಿಯಾದ ವಾಕ್ಯಗಳು ಇಂದಿಗೂ ಶಾಲಾಮಕ್ಕಳ ಓದಿಗೆ ಒದಗುತ್ತವೆ. ಸ್ವಂತ ಭಾಷೆಯಲ್ಲಿ ಗಟ್ಟಿಯಾಗಿ ನಿಂತವರ ಇಂಗ್ಲಿಷ್ ಸೊರಗುವುದಿಲ್ಲ ಎಂಬುದಕ್ಕೆ ಈ ಸೀಮೆಯಲ್ಲಿಯೇ ನಿದರ್ಶನವಿದೆ.

ಇಲ್ಲಿ ವಿವರಿಸಿದ ಪರೀಕ್ಷೆಗಳಿಗೆಲ್ಲ ಒಂದು ಪೂರ್ವಷರತ್ತಿದೆ. ‘ಹುಡುಗನ’, ‘ಹುಡುಗರ’ ಎಂಬುದನ್ನು ಮಾತಿನಲ್ಲಿ ಬಳಸುವುದಷ್ಟೇ ಸಾಲದು. ಅದು ಷಷ್ಠೀ ವಿಭಕ್ತಿ, ಇದು ಬಹುವಚನ, ಇದು ಅಪೂರ್ಣಕ್ರಿಯೆ ಎಂದು ಬರಹದಲ್ಲಿ ಗುರುತಿಸುವ ಅಭ್ಯಾಸ ಬೇಕು. ಅದನ್ನು ಕೊಡುವುದು ಕನ್ನಡ ಪಾಠ. ಮಗುವನ್ನು ಕನ್ನಡ ಪಾಠದಿಂದ ಬಿಡಿಸಿ ಆ ಗಂಟೆಯನ್ನು ಇಂಗ್ಲಿಷಿಗೆ ಕೊಟ್ಟರೆ, ಮನೆಮಾತು ಕನ್ನಡವಾಗಿಯೇ ಉಳಿಯುತ್ತದೆ, ಅದರ ನಿಯಮಗಳು ಇಂಗ್ಲಿಷ್ ಬರಹಕ್ಕೆ ಬಂದೇ ಬರುತ್ತವೆ. ಅವನ್ನು ಕಂಡುಹಿಡಿದು ತಿದ್ದಿಕೊಳ್ಳುವ ಸಾಧನ ಮಾತ್ರ ಕೈತಪ್ಪುತ್ತದೆ. ಇಂಗ್ಲಿಷ್ ಶಿಕ್ಷಕರು ಕನ್ನಡ ಬಲ್ಲವರಲ್ಲದಿದ್ದರೂ ತಮಿಳು ವ್ಯಾಕರಣದ ವೇಟ್ರುಮೈ, ಎಚ್ಚಂ ಎಂಬ ಪರಿಭಾಷೆಗಳ ಮೂಲಕ ಇದೇ ಹೋಲಿಕೆಯನ್ನು ತೋರಿಸಬಹುದು. ವಿಭಕ್ತಿ ಮತ್ತು ನ್ಯೂನಕ್ರಿಯೆಗಳ ವಿಷಯದಲ್ಲಿ ಎರಡು ಭಾಷೆಗಳೂ ಒಂದೇ ಕುಟುಂಬದವು.

ಇದರ ಫಲ ಅಂಕಗಳಲ್ಲಿ ಮಾತ್ರ ಕಾಣುವುದಿಲ್ಲ. ಹತ್ತನೆಯ ತರಗತಿಯ ಪ್ರಮಾಣಪತ್ರದಲ್ಲಿ ವಿದ್ಯಾರ್ಥಿಯ ಹೆಸರು ಇಂಗ್ಲಿಷಿನಲ್ಲಿ ಹೇಗೆ ಅಚ್ಚಾಗುತ್ತದೋ ಮುಂದಿನ ದಾಖಲೆಗಳೆಲ್ಲ ಅದನ್ನೇ ಅನುಸರಿಸಬೇಕಾಗುತ್ತದೆ. ‘ಮಂಜುನಾಥ’ ಎಂಬ ಹೆಸರಿನ ಥಕಾರಕ್ಕೆ ಟಿ ಒಂದೇ ಸಾಕೋ ಟಿ-ಎಚ್ ಬೇಕೋ, ಕೊನೆಯ ಅಕಾರಕ್ಕೆ ಎ ಬರೆಯಬೇಕೋ ಬಿಡಬೇಕೋ, ತಂದೆಯ ಹೆಸರಿನ ಮೊದಲಕ್ಷರ ಮುಂಚೆ ಬರಬೇಕೋ ಆಮೇಲೋ, ಅದರ ಮುಂದೆ ಚುಕ್ಕಿ ಬೇಕೋ ಬೇಡವೋ ಎಂಬ ಪ್ರಶ್ನೆಗಳಿಗೆ ಒಮ್ಮೆ ಕೊಟ್ಟ ಉತ್ತರವನ್ನು ಎಲ್ಲ ಕಡೆಯೂ ಉಳಿಸಿಕೊಳ್ಳಬೇಕು. ಅರ್ಜಿಯನ್ನು ತುಂಬುವಾಗ ಈ ಆಯ್ಕೆಯನ್ನು ಇನ್ನಾರೋ ಮಾಡುವುದಕ್ಕಿಂತ, ಕನ್ನಡದಲ್ಲಿ ತನ್ನ ಹೆಸರಿನ ಅಕ್ಷರಗಳನ್ನು ಬಲ್ಲ ವಿದ್ಯಾರ್ಥಿಯೇ ತಿಳಿದು ಮಾಡುವುದು ಉತ್ತಮ.